ಕಟ್ಟಿಕೊಡದ ಐಸ್‌ಕ್ರೀಮ್

"ಗುರುಗಳೇ, ನಿಮ್ಮ ಮಾತು ನನ್ನ ಅಕ್ಕನ ಮನಸ್ಸಿಗೇಕೆ ನಾಟುವುದಿಲ್ಲ?" ಎಂದು ಚನ್ನವೀರ ಕೇಳಿದ.

ಅವನು ಮಠ ಸೇರಿ ಒಂಬತ್ತು ವರ್ಷವಾಗಿತ್ತು. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ನೀಲವ್ವ. ಗುರುಗಳು ಹೇಳಿದ್ದನ್ನೆಲ್ಲ ಅವನು ದುಂಡನೆಯ ಅಕ್ಷರಗಳಲ್ಲಿ ಬರೆದು, ಪ್ರತಿ ಸೋಮವಾರ ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಅಕ್ಕನ ಕೈ ಸೇರುತ್ತಿತ್ತು. ಮೊದಮೊದಲು ಉತ್ತರ ಬರುತ್ತಿತ್ತು. ಈಗ ಒಂದು ವರ್ಷದಿಂದ ಒಂದು ಗೆರೆಯೂ ಇಲ್ಲ.

"ಒಂದಕ್ಷರ ಬಿಡದೆ ಬರೆಯುತ್ತೇನೆ. ದೋಷ ನನ್ನ ಬರವಣಿಗೆಯದೋ, ಅವಳ ಮನಸ್ಸಿನದೋ ತಿಳಿಯದು. ಅಕ್ಕ ನನ್ನನ್ನು ಮರೆತೇಬಿಟ್ಟಳೇನೋ ಎಂದು ಸಂಕಟವಾಗುತ್ತದೆ."

ಗುರುಗಳು, "ಐಸ್‌ಕ್ರೀಮ್ ತಿಂದಿದ್ದೀಯಾ?" ಎಂದರು.

ಚನ್ನವೀರ ತಬ್ಬಿಬ್ಬಾಗಿ, ತಿಂದಿದ್ದೇನೆ ಎಂದ.

"ಹಾಗಾದರೆ ಕೇಳು."

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಕೊಡುವುದರಲ್ಲಿ ಧಾರಾಳಿ. ಆದರೆ ಎಲ್ಲಿಗೂ ತಾನು ಹೋಗುವವನಲ್ಲ, ಏನಾದರೂ ಕಳಿಸುವವನು. ಹೆಂಡತಿಯ ಒಬ್ಬಳೇ ತಂಗಿಯ ಮದುವೆ ಬಂತು. ಅಂಗಡಿ ಬಿಡಲಾಗುವುದಿಲ್ಲವೆಂದು ಹೆಂಡತಿಯೊಬ್ಬಳನ್ನೇ ಕಳಿಸಿ, ಜೊತೆಗೊಂದು ಟ್ರಂಕಿನ ತುಂಬ ಸೀರೆ ಕಳಿಸಿದ. ಸೀರೆಗಳನ್ನು ಎಲ್ಲರೂ ಹೊಗಳಿದರು. ಮದುವೆ ಮುಗಿಸಿ ಬಂದ ಹೆಂಡತಿ ಮಾತು ಬಿಟ್ಟಳು.

ಜಗಳವಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಮೂರು ತಿಂಗಳಾಯಿತು. ಮನೆಗೆ ಹೋಗುವುದೆಂದರೆ ವ್ಯಾಪಾರಿಗೆ ಕಾಲೇ ಏಳದಂತಾಯಿತು.

ಒಂದು ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲು ಮನಸ್ಸಾಗದೆ ಅವನು ಊರಾಚೆಯ ಒಂದು ಐಸ್‌ಕ್ರೀಮ್ ಅಂಗಡಿಗೆ ಹೋದ. ಒಬ್ಬ ಹೆಂಗಸು ನಡೆಸುವ ಅಂಗಡಿ. ಅಲ್ಲಿ ಯಂತ್ರವಿಲ್ಲ. ಮರದ ಪೀಪಾಯಿಯಲ್ಲಿ ಮಂಜುಗಡ್ಡೆ ಮತ್ತು ಹರಳುಪ್ಪು, ಅದರ ನಡುವೆ ಹಾಲು ತುಂಬಿದ ತಗಡಿನ ಡಬ್ಬಿ, ಪಕ್ಕಕ್ಕೊಂದು ಹಿಡಿಕೆ. ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕು. ಹಾಲು ಗಟ್ಟಿಯಾಗುತ್ತ ಬಂದ ಹಾಗೆ ಪೀಪಾಯಿ ಕುಣಿಯತೊಡಗುತ್ತದೆ. ಆಗ ಅದರ ಮೇಲೆ ಗೋಣಿಚೀಲ ಮಡಿಸಿ ಹಾಕಿ ಒಬ್ಬರು ಕೂರಬೇಕು, ಇನ್ನೊಬ್ಬರು ತಿರುಗಿಸಬೇಕು. ತಿನ್ನಲು ಬಂದವರೇ ಇದನ್ನು ಮಾಡುವುದು ಆ ಅಂಗಡಿಯ ಪದ್ಧತಿ. ನಮ್ಮ ವ್ಯಾಪಾರಿ ಮಾತ್ರ ದೂರ ಕುಳಿತು ತಮಾಷೆ ನೋಡಿದ.

ಅಂದು ಮಾಡಿದ್ದು ಸೀತಾಫಲದ ಐಸ್‌ಕ್ರೀಮ್. ಹೆಂಡತಿಗೆ ಸೀತಾಫಲವೆಂದರೆ ಪ್ರಾಣ. ಮೊದಲ ಚಮಚಕ್ಕೇ ಅವನಿಗೆ ಅವಳ ನೆನಪಾಯಿತು. ಇದನ್ನು ತಿಂದರೆ ಅವಳು ಮಾತಾಡದೆ ಇರಲಾರಳು ಎನಿಸಿತು.

"ಒಂದಿಷ್ಟು ಮನಿಗೆ ಕಟ್ಟಿ ಕೊಡ್ರಿ," ಎಂದ.

"ಕಟ್ಟಿ ಕೊಡಂಗಿಲ್ರಿ," ಎಂದಳು ಅಂಗಡಿಯಾಕೆ. "ದಾರ್ಯಾಗ ಕರಗತೈತಿ. ಹೆಸರು ಕೆಡೋದು ನಂದು."

ಅಷ್ಟಕ್ಕೆ ಬಿಡುವ ಆಸಾಮಿಯೇ ಅವನು? ಮರುದಿನ ಊಟದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದ. ತಿನ್ನುವವನ ಹಾಗೆ ನಟಿಸಿ, ಆಕೆ ಅತ್ತ ತಿರುಗಿದಾಗ ಬಟ್ಟಲನ್ನು ಡಬ್ಬಿಗೆ ಬಗ್ಗಿಸಿಕೊಂಡ. ಅರ್ಧ ಗಂಟೆಯ ದಾರಿಯನ್ನು ಓಡುತ್ತಲೇ ಸವೆಸಿ ಮನೆ ಸೇರಿದ. ಡಬ್ಬಿಯಲ್ಲಿದ್ದುದು ಬರಿಯ ಹಾಲು. ಹೆಂಡತಿ ಅದನ್ನು ಪಾಯಸವೆಂದುಕೊಂಡು ಒಲೆಯ ಮೇಲಿಟ್ಟು ಬಿಸಿ ಮಾಡಿ, ರಾತ್ರಿ ಅವನಿಗೇ ಬಡಿಸಿದಳು. ಅವನು ತೆಪ್ಪಗೆ ಕುಡಿದ.

ಎರಡನೆಯ ಸಲ ಬುದ್ಧಿ ಓಡಿಸಿದ. ಪೀಪಾಯಿಯ ಗುಟ್ಟನ್ನು ಕಣ್ಣಾರೆ ನೋಡಿದವನಲ್ಲವೇ? ದೊಡ್ಡ ಡಬ್ಬಿಯಲ್ಲಿ ಮಂಜುಗಡ್ಡೆ ಮತ್ತು ಉಪ್ಪು ತುಂಬಿ, ಅದರೊಳಗೆ ಸಣ್ಣ ಡಬ್ಬಿ ಇಟ್ಟು ತಂದ. ಐಸ್‌ಕ್ರೀಮ್ ಕರಗಿರಲಿಲ್ಲ. ಹಿರಿಹಿರಿ ಹಿಗ್ಗಿ ಹೆಂಡತಿಯ ಮುಂದಿಟ್ಟ. ಆದರೆ ಓಟದ ಕುಲುಕಾಟಕ್ಕೆ ಸಣ್ಣ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಅವಳು ಒಂದು ಚಮಚ ಬಾಯಿಗಿಟ್ಟು ಮುಖ ಕಿವಿಚಿದಳು.

"ಉಪ್ಪು," ಎಂದಳು.

ಮೂರು ತಿಂಗಳ ಮೇಲೆ ಬಂದ ಮೊದಲ ಮಾತು ಅದು. ವ್ಯಾಪಾರಿಗೆ ಎಷ್ಟು ಸಂತೋಷವಾಯಿತೆಂದರೆ, ಉಪ್ಪಾದ ಐಸ್‌ಕ್ರೀಮನ್ನು ಪೂರ್ತಿ ತಾನೇ ತಿಂದು ಮುಗಿಸಿದ. ಆದರೆ ಅವಳು ಎರಡನೆಯ ಮಾತು ಆಡಲಿಲ್ಲ.

ಮೂರನೆಯ ಸಲ ಅವನು ಅಂಗಡಿಯಾಕೆಯ ಮುಂದೆ ಕೈಮುಗಿದು ನಿಂತ. ತಾನು ಮಾಡಿದ್ದನ್ನೆಲ್ಲ ಒಪ್ಪಿಕೊಂಡು, ಗೊತ್ತಿದ್ದವರ ಕೈಯಲ್ಲಾದರೂ ಕಳಿಸಿಕೊಡಿ ಎಂದು ಅಂಗಲಾಚಿದ.

"ನಿಮ್ಮ ಮನಿಯವರಿಗೆ ಕಾಲ್‌ನೋವೇನ್ರಿ?" ಎಂದು ಆಕೆ ಕೇಳಿದಳು.

"ಇಲ್ಲ."

"ಮತ್ತ?"

ವ್ಯಾಪಾರಿ ಬರಿಗೈಯಲ್ಲಿ ಮನೆಗೆ ಹೋದ.

ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಡಿ, ಇಬ್ಬರೂ ಹೊರಗ ಹೋಗಿ ಬರೂಣು," ಎಂದ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಹಾಗೆ ಕರೆದದ್ದು ಅದೇ ಮೊದಲು. ಕರೆಯುವಾಗ ಅವನಿಗೆ ನಾಚಿಕೆಯೂ ಆಯಿತು, ಬರಲಾರಳೇನೋ ಎಂದು ಭಯವೂ ಆಯಿತು. ಅವಳು ಸೀರೆ ಬದಲಿಸಿ ಬಂದು ಬಾಗಿಲಿಗೆ ಬೀಗ ಹಾಕಿದಳು.

ಅಂಗಡಿಯಾಕೆ ಅವಳನ್ನು ಪೀಪಾಯಿಯ ಮೇಲೆ ಕೂರಿಸಿ, ಹಿಡಿಕೆಯನ್ನು ಅವನಿಗೆ ಕೊಟ್ಟಳು. ಅವನು ತಿರುಗಿಸಿದ. ಗಟ್ಟಿಯಾದಷ್ಟೂ ಬಲ ಹಾಕಿ ತಿರುಗಿಸಿದ. ಪೀಪಾಯಿ ಗಡಗಡ ಅಲುಗಿತು.

"ಸಾವಕಾಶ್ರಿ! ಕೆಡವತೀರಿ ನನ್ನ!" ಎಂದು ಅವಳು ಅವನ ಹೆಗಲು ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. "ಮದುವಿಗೂ ಹಿಂಗ ಬಂದಿದ್ರ ಏನಾಗತಿತ್ತು? ಎಲ್ಲಾರೂ ನಿಮ್ಮನ್ನ ಕೇಳಿದ್ರು. ಸೀರಿ ತೋರಿಸಿದೆ ನಾನು."

ವ್ಯಾಪಾರಿಯ ಕೈ ನಿಂತಿತು.

"ತಪ್ಪಾತು," ಎಂದ.

"ಕೈ ನಿಲ್ಲಿಸಬ್ಯಾಡ್ರಿ," ಎಂದಳು. "ಇನ್ನೊಂದೀಟು ಗಟ್ಟಿಯಾಗಬೇಕು."

ಅಂದಿನ ಐಸ್‌ಕ್ರೀಮ್ ಹೇಗಿತ್ತೆಂದು ಅವನನ್ನು ಕೇಳಿದರೆ ಹೇಳಲಾರ. ಅವಳು ದಾರಿಯುದ್ದಕ್ಕೂ ತಂಗಿಯ ಮದುವೆಯ ಸುದ್ದಿ ಹೇಳುತ್ತ ಬಂದಳು, ಅವನು ಕೇಳುತ್ತ ಬಂದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ತೊಡೆಯ ಮೇಲೆ ಆ ಸೋಮವಾರದ ಕಾಗದ ಇತ್ತು. ಅವನು ಅದನ್ನು ಮಡಿಸುತ್ತ, "ಅಂದರೆ ಅಕ್ಕನಿಗೆ ನಾನು ಇನ್ನೂ ಸರಳವಾಗಿ ಬರೆಯಬೇಕೇ, ಗುರುಗಳೇ?" ಎಂದ.

ಗುರುಗಳು ಆ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಕೇಳಿದರು:

"ಆ ಬೆಳಗಿನ ಬಸ್ಸು ಎಷ್ಟು ಗಂಟೆಗೆ?"

ಚನ್ನವೀರನಿಗೆ ಹೊತ್ತು ಗೊತ್ತಿತ್ತು. ಒಂಬತ್ತು ವರ್ಷದಿಂದ ಆ ಬಸ್ಸಿನಲ್ಲಿ ಕಾಗದವನ್ನಷ್ಟೇ ಕಳಿಸಿದ್ದ, ತಾನು ಒಮ್ಮೆಯೂ ಅದನ್ನು ಏರಿರಲಿಲ್ಲ.