ಹದಿಮೂರನೆಯ ಹುಣಸೆ ಬೀಜ

ಹುಲಿಕುಂದದ ಬೀದಿಯಲ್ಲಿ ಡಂಗುರ ಬಿತ್ತು. "ಕೇಳ್ರಪ್ಪೋ ಕೇಳಿ! ಉದ್ದಂಡರಾಯ ಮಹಾಪ್ರಭುಗಳ ಅಪ್ಪಣೆ. ಅರಮನೆ ಆಳುಗಳ ರಜೆಯ ಮೇಲೆ ಮೂರು ಒಗಟುಂಟು. ಮೂರನ್ನೂ ಒಡೆದವನಿಗೆ ಪಾರುಪತ್ಯಗಾರಿಕೆ, ಮೇಲೊಂದು ವರ. ತಪ್ಪಿದವನ ತಲೆ ಸಂಜೆಯೊಳಗೆ ಕೆಳಗೆ!"

ರಾಜನಿಗೆ ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ವಾರಕ್ಕೆ ಆರು ದಿನ ದುಡಿಯುವ ಪೂರಾ ಆಳಿಗೆ ವರ್ಷಕ್ಕೆ ಹನ್ನೆರಡು ದಿನ ರಜೆ. ಅಲ್ಲದೆ ಪ್ರತಿ ತಿಂಗಳ ಮೊದಲ ಸೋಮವಾರ ಮನೆದೇವರ ಪೂಜೆಗೆಂದು ಅರಮನೆ ಮುಚ್ಚುತ್ತಿತ್ತು, ಅವು ಇನ್ನೊಂದು ಹನ್ನೆರಡು. ವಾರಕ್ಕೆ ಮೂರೇ ದಿನ ಬರುವ ಅರೆಯಾಳಿಗೆ ಎಷ್ಟೆಂದು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಆಳುಗಳ ಉಸ್ತುವಾರಿ ನೋಡುತ್ತಿದ್ದ ಹಳೆಯ ಪಾರುಪತ್ಯಗಾರ ತನ್ನ ಮೂಗಿನ ನೇರಕ್ಕೆ ನಡೆಸಿದ. ಜಗಳ ಹತ್ತಿತು, ಅಡುಗೆಮನೆಯಲ್ಲಿ ಅನ್ನ ಸೀಯಿತು, ಕೊನೆಗೆ ಅವನೇ ಊರು ಬಿಟ್ಟು ಓಡಿದ. ಅಂದಿನಿಂದ ಮೂರು ತಿಂಗಳು ರಾಜ ಕೂತಲ್ಲಿ ಕೂರದೆ ಅಂಡು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಉತ್ತರ ಅವನಿಗೆ ಗೊತ್ತಿತ್ತು, ಆದರೆ ಆ ಜಾಗಕ್ಕೆ ಅದನ್ನು ತಾನಾಗಿ ಬಿಡಿಸಬಲ್ಲವನೇ ಬೇಕಾಗಿದ್ದ.

ಲಾಯಕ್ಕೆ ನೀರು ಹೊರುವ ಜವರ ಡಂಗುರ ಕೇಳಿ ಕೊಡ ಇಳಿಸಿದ. ಅವನ ತಂಗಿ ಕೆಂಚಿ ಅರಮನೆಯ ಅಡುಗೆಮನೆಯಲ್ಲಿ ಗುರುವಾರದಿಂದ ಶನಿವಾರದವರೆಗೆ ರುಬ್ಬುವವಳು. ಗಂಡ ಸತ್ತ ಮೇಲೆ ಹಾಲುಗೂಸನ್ನು ಅತ್ತೆಯ ಊರಲ್ಲಿ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಆ ಊರಿಗೆ ಹೋಗಲಿಕ್ಕೇ ನಾಲ್ಕು ದಿನ ಬೇಕು, ಅವಳಿಗೆ ಬಿಡುವಿದ್ದದ್ದೇ ವಾರಕ್ಕೆ ನಾಲ್ಕು ದಿನ. ರಜೆ ಕೇಳಿದಾಗಲೆಲ್ಲ "ಅರೆಯಾಳಿಗೆಂಥ ರಜೆ?" ಎಂದು ಬೈಸಿಕೊಂಡಿದ್ದಳು.

"ಬ್ಯಾಡ ಕಣಣ್ಣ, ನಿನ್ನ ತಲೆ ಹೋದ್ಮೇಲೆ ನಂಗೆ ರಜ ಸಿಕ್ಕಿ ಏನಾಗ್ಬೇಕು?" ಎಂದು ಕೆಂಚಿ ಅವನ ಕೈ ಹಿಡಿದಳು.

"ಹಿಂಗೇ ಇದ್ರೆ ನೀನು ಮಗಾನ ನೋಡೋದು ಯಾವಾಗವ್ವ?" ಎಂದು ಜವರ ಕೈ ಬಿಡಿಸಿಕೊಂಡ. ಕೊಡವನ್ನು ಅಲ್ಲೇ ಬಿಟ್ಟು ಸಭೆಯತ್ತ ನಡೆದ.

ಸಭೆಯಲ್ಲಿ ಅವನ ಜೊತೆ ನಿಂತವರು ಮೂವರು: ದಳವಾಯಿಯ ಮಗ, ಆಸ್ಥಾನದ ಜೋಯಿಸರು, ಲೆಕ್ಕದಲ್ಲಿ ಹುಲಿಯೆನಿಸಿದ ದಿವಾನರ ಅಳಿಯ ನರಹರಿ.

ರಾಜ ನಡೆಯುತ್ತಲೇ ಕೇಳಿದ: "ಅಣ್ಣ ವಾರಕ್ಕೆ ಆರು ದಿನದವನು, ಅವನ ಕೈಯಲ್ಲಿ ಹನ್ನೆರಡು ರಜೆ. ತಂಗಿ ಮೂರು ದಿನದವಳು, ಅವಳ ಕೈಯಲ್ಲಿ ಆರೇ. ಇಬ್ಬರೂ ಒಂದೇ ದಿನ ಊರಿಗೆ ಹೊರಟು ಒಂದೇ ದಿನ ಮರಳಿದರು. ಇಬ್ಬರ ರಜೆಯೂ ಅಷ್ಟಕ್ಕಷ್ಟೇ ಮುಗಿಯಿತು. ಹೇಗೆ?"

"ತಂಗಿ ಕದ್ದು ಉಳಿದಳು!" ಎಂದ ದಳವಾಯಿಯ ಮಗ. ಭಟರು ಅವನ ರೆಟ್ಟೆ ಹಿಡಿದರು.

ಅದನ್ನು ಕಂಡು ಉಳಿದಿಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. ಜವರ ಮುಂದೆ ಬಂದು ಹೇಳಿದ: "ಬುದ್ಧೀ, ಅವಳು ಬರಬೇಕಾಗಿದ್ದೇ ವಾರಕ್ಕೆ ಮೂರು ದಿನ. ಬರಬೇಕಾದ ದಿನ ಬರದಿದ್ರೆ ತಾನೆ ರಜ? ಅವಳ ಆರು ರಜ ಅಂದ್ರೆ ಎರಡು ವಾರ. ಅವನ ಹನ್ನೆರಡೂ ಎರಡೇ ವಾರ."

ರಾಜ ಒಂದು ಗಳಿಗೆ ನಿಂತ, ಮತ್ತೆ ನಡೆದ. "ಇಬ್ಬರು ಹೆಂಗಸರು, ಇಬ್ಬರಿಗೂ ಮೂರು ಮೂರು ದಿನದ ಕೆಲಸ. ಸೋಮವಾರದಿಂದ ಬರುವವಳು ಪೂಜೆಯ ದಿನ ಹನ್ನೆರಡು ಸಲ ಮನೆಯಲ್ಲಿ ಕೂತು ಕೂಲಿ ಉಂಡಳು. ಗುರುವಾರದಿಂದ ಬರುವವಳಿಗೆ ಒಂದೂ ಇಲ್ಲ. ಪೂಜೆಯ ದಿನ ಕದಲಿಸದೆ ಇಬ್ಬರನ್ನೂ ಸಮ ಮಾಡಿ."

"ಪಡೆದು ಬಂದದ್ದು ಪ್ರಭು, ಅವಳ ಗ್ರಹಗತಿ," ಎಂದರು ಜೋಯಿಸರು. ಅವರ ಸ್ವಂತ ಗ್ರಹಗತಿ ಅಲ್ಲಿಗೆ ಕೆಟ್ಟಿತು.

ಜವರ ಬಾಗಿಲತ್ತ ನೋಡಿದ. ಸಂದಿಯಲ್ಲಿ ಕೆಂಚಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವನು ರಾಜನತ್ತ ತಿರುಗಿದ. "ರಜವನ್ನೂ ಪೂಜೆ ದಿನಾನೂ ಒಂದೇ ಮೊರಕ್ಕೆ ಸುರೀಬೇಕು ಬುದ್ಧಿ. ಪೂರಾ ಆಳಿಗೆ ಇಪ್ಪತ್ನಾಕು, ಅರೆಯಾಳಿಗೆ ಹನ್ನೆರಡು. ಸೋಮವಾರದವಳು ತನ್ನ ಪಾಲನ್ನ ಪೂಜೆ ದಿನವೇ ಉಂಡ್ಲು. ಗುರುವಾರದವಳು ಬೇಕಾದಾಗ ಉಣ್ಲಿ."

ಸೋಮವಾರದ ಹೆಂಗಸರು ಹಿಂದಿನಿಂದ ಗೊಣಗಿದರು. ರಾಜ ಅವರತ್ತ ಒಮ್ಮೆ ನೋಡಿದ ಮೇಲೆ ಸುಮ್ಮನಾದರು.

"ಕೊನೆಯದು. ಒಬ್ಬನಿಗೆ ವಾರವೆಂಬುದಿಲ್ಲ. ಕರೆದರೆ ಬರುತ್ತಾನೆ, ಕರೆಯದಿದ್ದರೆ ಇಲ್ಲ. ಅವನು ಎಷ್ಟು ದಿನ ದುಡಿದರೆ ಒಂದು ದಿನದ ರಜೆ?"

ನರಹರಿಯ ಮುಖ ಅರಳಿತು. "ವರ್ಷಕ್ಕೆ ಐವತ್ತೆರಡು ವಾರ, ವಾರಕ್ಕೆ ಆರು, ಒಟ್ಟು ಮುನ್ನೂರ ಹನ್ನೆರಡು ದಿನ. ರಜೆ ಇಪ್ಪತ್ತನಾಲ್ಕು. ಭಾಗಿಸಿದರೆ ಹದಿಮೂರು. ಹದಿಮೂರು ದಿನ ದುಡಿದರೆ ಒಂದು ರಜೆ!"

ಸಭೆಯೆಲ್ಲ ತಲೆದೂಗಿತು. ಜವರನಿಗೂ ಅದೇ ಸರಿಯೆನಿಸಿತು. ಆದರೂ ಕೊಡ ಎಣಿಸಲು ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದ ಹುಣಸೆ ಬೀಜಗಳಲ್ಲಿ ಹದಿಮೂರನ್ನು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ, ಬೆರಳಿಂದ ಮುಟ್ಟಿ ಮುಟ್ಟಿ ಎಣಿಸಿದ. ಕೊನೆಯ ಬೀಜದ ಮೇಲೆ ಬೆರಳು ನಿಂತಿತು.

"ಇಲ್ಲ ಬುದ್ಧಿ. ಆ ಮುನ್ನೂರ ಹನ್ನೆರಡರಲ್ಲಿ ರಜದ ದಿನಾನೂ ಸೇರೈತೆ. ಈ ಹದಿಮೂರನೇದು ಪೂರಾ ಆಳು ಮನೇಲಿ ಮಲಗಿದ್ದ ದಿನ. ದುಡಿದದ್ದು ಹನ್ನೆರಡೇ. ಹನ್ನೆರಡು ದುಡಿದ್ರೆ ಒಂದು."

ಉದ್ದಂಡರಾಯ ಹೋಗಿ ಸಿಂಹಾಸನದ ಮೇಲೆ ಕೂತುಕೊಂಡ. ಮೂರು ತಿಂಗಳಲ್ಲಿ ಅದೇ ಮೊದಲು. "ಪಾರುಪತ್ಯಗಾರ ನೀನೇ. ವರ ಕೇಳು. ತಂಗಿಗೆ ರಜೆ ತಾನೆ?"

ಮೂಲೆಯಲ್ಲಿ ಉತ್ತರ ತಪ್ಪಿದ ಮೂವರೂ ಕೈಕಟ್ಟಿಸಿಕೊಂಡು ನಿಂತಿದ್ದರು. ನರಹರಿ ಅಳುತ್ತಿದ್ದ. ಜವರ ಅವನನ್ನು ನೋಡಿದ, ಬಾಗಿಲಲ್ಲಿದ್ದ ಕೆಂಚಿಯನ್ನು ನೋಡಿದ.

"ರಜ ವರ ಅಲ್ಲ ಬುದ್ಧಿ. ಅದು ಅವಳು ದುಡಿದಿಟ್ಟದ್ದು. ಅದನ್ನೂ ವರ ಅಂತ ಬೇಡಿದ್ರೆ ನಾಳೆ ಎಲ್ಲಾ ಆಳುಗಳೂ ನನ್ನ ಮುಂದೆ ಬೇಡ್ಕಂಡು ನಿಲ್ಲಬೇಕಾಯ್ತದೆ. ವರ ಕೊಡೋದಾದ್ರೆ ಈ ಮೂರು ತಲೆ ಉಳಿಸಿಕೊಡಿ."

ರಾಜ ಮೂವರ ಕಟ್ಟು ಬಿಚ್ಚುವಂತೆ ಭಟರಿಗೆ ಸನ್ನೆ ಮಾಡಿದ. ಆಮೇಲೆ ಕೆಂಚಿಯನ್ನು ಕರೆದು ಕೇಳಿದ: "ಎಷ್ಟು ಬರಬೇಕಮ್ಮ ನಿನಗೆ?" ಕೆಂಚಿ ಬೆರಳು ಮಡಚಿ ಎಣಿಸತೊಡಗಿದಳು. ನರಹರಿಯೇ ಮೂಗು ಒರೆಸಿಕೊಂಡು ಹೇಳಿದ: "ಎರಡು ವರ್ಷಕ್ಕೆ ಇಪ್ಪತ್ತನಾಲ್ಕು ದಿನ, ಪ್ರಭು. ಅವಳ ವಾರಕ್ಕೆ ಮೂರರಂತೆ, ಎಂಟು ವಾರ."

ಕೆಂಚಿ ಮಾರನೆಯ ಬೆಳಿಗ್ಗೆಯೇ ಹೊರಟು ನಾಲ್ಕನೆಯ ದಿನ ಅತ್ತೆಯ ಅಂಗಳಕ್ಕೆ ಕಾಲಿಟ್ಟಳು. ಮಗು ಅವಳನ್ನು ಕಂಡು ಹೆದರಿ, ಅಜ್ಜಿಯ ಸೀರೆಯ ಹಿಂದೆ ಅಡಗಿ ಅಳತೊಡಗಿತು. ಅತ್ತೆ ಸಂಕಟಪಟ್ಟು ಮಗುವನ್ನು ಮುಂದಕ್ಕೆ ತಳ್ಳಹೋದಳು.

"ಬ್ಯಾಡ ಬಿಡತ್ತೆ," ಎಂದು ಕೆಂಚಿ ದೂರದಲ್ಲೇ ಕಾಲು ಚಾಚಿ ಕೂತಳು. "ಅದಾಗೇ ಬರ್ಲಿ. ಇನ್ನೂ ಏಳು ವಾರ ಇರ್ತೀನಿ."