ಪರೀಕ್ಷೆಗೆ ಕೊಟ್ಟ ನೀರು

"ಹನ್ನೆರಡು ವರ್ಷದಿಂದ ಪ್ರತಿ ಬೆಳಿಗ್ಗೆ ನನ್ನ ಮನಸ್ಸನ್ನು ನಿಮ್ಮ ಮುಂದೆ ಬಿಚ್ಚಿಟ್ಟಿದ್ದೇನೆ. ನೀವು ಒಂದು ದಿನವೂ ತಪ್ಪು ಹಿಡಿಯಲಿಲ್ಲ. ಆದರೂ ಒಳಗಿನ ಉರಿ ಆರಿಲ್ಲ. ಯಾಕೆ ಗುರುಗಳೇ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಗುರುಗಳು ಕಣ್ಣು ಮುಚ್ಚಿದರು. ಹಾಗೆಯೇ ಕತೆ ಶುರುಮಾಡಿದರು.

ಒಂದು ಊರಿತ್ತು. ಅದರ ಪಕ್ಕದ ಹಳ್ಳದ ದಂಡೆಗೆ ಪೇಟೆಯವರು ತಮ್ಮ ಕಸವನ್ನೆಲ್ಲ ತಂದು ಸುರಿಯುತ್ತಿದ್ದರು. ವರ್ಷ ಕಳೆದಂತೆ ಅದು ಗುಡ್ಡವಾಯಿತು, ಗುಡ್ಡದ ಮೇಲೆ ಹುಲ್ಲೂ ಬೆಳೆಯಿತು. ಹೊಸಬರು ನೋಡಿದರೆ ಅದು ಮೊದಲಿನಿಂದ ಇದ್ದ ಗುಡ್ಡವೇ ಅಂದುಕೊಳ್ಳಬೇಕು. ಊರವರೂ ಹಾಗೆಯೇ ಅಂದುಕೊಳ್ಳತೊಡಗಿದ್ದರು.

ಆ ಊರಲ್ಲಿ ಒಬ್ಬ ತಾಯಿ ಇದ್ದಳು. ಅವಳ ಮಗಳು ಚೊಚ್ಚಲ ಬಸುರಿ. ಸೀಮಂತದ ಕುಬಸ ಮಾಡಿ, ಹೆರಿಗೆಗೆಂದು ತವರಿಗೆ ಕರೆತರಬೇಕಿತ್ತು. ಆದರೆ ತಾಯಿಗೆ ಭಯ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಒಂದೇ ಕನಸು. ಗುಡ್ಡದ ಕಸ ಸದ್ದಿಲ್ಲದೆ ನೆಲದಡಿ ನಡೆದು ಬಂದು, ಬಾಯಾರಿದ ನೆಂಟರ ಹಾಗೆ ತನ್ನ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕೂತಿರುತ್ತಿತ್ತು. ಈ ಬಾವಿಯ ನೀರನ್ನು ಮಗಳಿಗೆ ಕುಡಿಸಬಹುದೋ ಬಾರದೋ ಎಂಬುದೊಂದೇ ಅವಳ ಚಿಂತೆ.

ಒಂದು ದಿನ ಪೇಟೆಯಿಂದ ಮಣ್ಣು, ನೀರು ಪರೀಕ್ಷೆ ಮಾಡುವವನು ಬಂದ. ಮನೆಗೊಂದು ಸೀಸೆ ಹಂಚಿದ. "ಇದರಾಗ ನಿಮ್ಮ ಬಾವಿ ನೀರು ತುಂಬಿ ಇಡ್ರಿ. ಹಿತ್ತಲದ ಮಣ್ಣು ಒಂದು ಹಿಡಿ ಕಟ್ಟಿ ಇಡ್ರಿ. ಸಂಜಿಗೆ ಬಂದು ಒಯ್ತೀನಿ," ಎಂದ.

ಆ ಊರಿನ ಹೆಂಗಸರು ಎಂಥವರು ಗೊತ್ತೇನು? ನೆರೆಮನೆಗೆ ಹಿಡಿ ಅಕ್ಕಿ ಕೊಡುವಾಗಲೂ ಕಲ್ಲು ಆರಿಸಿ ಕೊಡುವವರು. ಮನೆಯಿಂದ ಹೊರಗೆ ಹೋಗುವುದು ಚೆನ್ನಾಗಿರಬೇಕು. ಒಬ್ಬಳು ತುಳಸಿಕಟ್ಟೆಯ ಮಣ್ಣನ್ನು ಜರಡಿ ಹಿಡಿದು ಕೊಟ್ಟಳು. ಈ ತಾಯಿಯೂ ಸೀಸೆ ಹಿಡಿದು ಬಾವಿಯ ತನಕ ಹೋದಳು. ಸೇದಿದಳು, ನೋಡಿದಳು, ಚೆಲ್ಲಿದಳು. ಆಮೇಲೆ ಒಂದು ಹರದಾರಿ ನಡೆದು, ಬೆಟ್ಟದ ಒರತೆಯಿಂದ ಸೀಸೆ ತುಂಬಿಕೊಂಡು ಬಂದು ಹೊಸ್ತಿಲ ಪಕ್ಕ ಇಟ್ಟಳು. ಅವಳ ಭಯವೂ ನಿಜ, ಮರ್ಯಾದೆಯೂ ನಿಜ. ನನಗೆ ಅವಳ ಮೇಲೆ ಸಿಟ್ಟಿಲ್ಲ, ಪಾಪ.

ಎಂಟು ದಿನಕ್ಕೆ ಚೀಟಿ ಬಂತು. ನಿಮ್ಮ ಮನೆಯ ನೀರು ಶುದ್ಧವಾಗಿದೆ ಎಂದು ಅದರಲ್ಲಿ ಬರೆದಿತ್ತು. ತಾಯಿ ಅದನ್ನು ಮೂರು ಸಲ ಓದಿಸಿ ಕೇಳಿದಳು. ಕೇಳುತ್ತ ಕೇಳುತ್ತ ಒರತೆ ಅವಳ ನೆನಪಿನಿಂದ ಇಳಿದುಹೋಯಿತು. ಕನಸೂ ಬದಲಾಯಿತು. ಈಗ ಬಾವಿಯ ಕಟ್ಟೆಯ ಮೇಲೆ ಮೊಮ್ಮಗು ಕೂತು ನೀರಾಡುತ್ತಿತ್ತು. ಮರುದಿನವೇ ಹೋಗಿ ಮಗಳನ್ನು ಕರೆತಂದಳು. ಬಾವಿಯ ರುಚಿ ತಾಯಿ ಮಗಳಿಬ್ಬರ ನಾಲಿಗೆಗೂ ರೂಢಿಯಾದದ್ದೇ, ಸಂಶಯ ಬರಲಿಲ್ಲ.

ತಿಂಗಳ ಮೇಲೆ ಪರೀಕ್ಷೆಯವನು ಆ ದಾರಿಯಲ್ಲಿ ಮತ್ತೆ ಬಂದ. ಬಿಸಿಲಿಗೆ ಬಾಯಾರಿತ್ತು. ಅಂಥ ಒಳ್ಳೆಯ ನೀರನ್ನು ಸುತ್ತಲೆಲ್ಲೂ ಕಂಡಿಲ್ಲವೆಂದು ಹುಡುಕಿಕೊಂಡು ಅವಳ ಬಾಗಿಲಿಗೇ ಬಂದ. ತಾಯಿ ಬೆಲ್ಲ ನೀರು ಕೊಟ್ಟಳು. ಒಂದು ಗುಟುಕು ಕುಡಿದು ಆತ ತಂಬಿಗೆ ಕೆಳಗಿಟ್ಟ.

"ಉಪ್ಪುಪ್ಪು ಸವಳು ಐತಲ್ಲವ್ವಾ. ಸೀಸೆದಾಗಿನ ನೀರು ಇದಲ್ಲ."

"ಅದು ಬೆಟ್ಟದ ಒರತಿದು. ಪ್ಯಾಟಿಗೆ ಹೋಗೂ ನೀರು, ನಾಕ್ ಮಂದಿ ನೋಡೂದು, ಬಾವಿದು ಹ್ಯಾಂಗ ಕೊಡ್ಲಿ..."

ಹೇಳುತ್ತಿದ್ದಂತೆ ಅವಳ ಮಾತು ನಿಂತಿತು. ಸೆರಗು ಜಾರಿದ್ದೂ ತಿಳಿಯದೆ ಅಡುಗೆಮನೆಗೆ ಓಡಿದಳು. ಮಗಳು ಕೊಡದ ಪಕ್ಕ ನಿಂತಿದ್ದಳು. ಅವಳ ಕೈಯಲ್ಲಿದ್ದ ತಂಬಿಗೆ ಖಾಲಿಯಾಗಿತ್ತು.

ಗುರುಗಳು ಕಣ್ಣು ತೆರೆದರು.

"ಕೂಸು ಏನಾಯಿತು?" ಎಂದು ಅಡಿವೆಪ್ಪ ಕೇಳಿದ.

ಗುರುಗಳು ಅವನ ಕಡೆ ತಿರುಗಿದರು.

"ಹನ್ನೆರಡು ವರ್ಷ ನನ್ನ ಸೀಸೆಗೆ ನೀನು ತುಂಬಿ ಕೊಟ್ಟದ್ದು ಎಲ್ಲಿಯ ನೀರು, ಅಡಿವೆಪ್ಪ?"