ಏಳು ಬಾಗಿಲ ಗೂಡು

ಗೀಜಗಗಳಲ್ಲಿ ಗಂಡು ಅರ್ಧ ಗೂಡು ಹೆಣೆಯಬೇಕು, ಹೆಣ್ಣು ಬಂದು ಎಳೆದು ನೋಡಿ ಒಪ್ಪಬೇಕು, ಆಮೇಲೆಯೇ ಸಂಸಾರ. ಜಾಲಿ ಮರದ ಗೀಜಗವೊಂದು ಅರ್ಧ ಹೆಣೆದು ಮುಗಿಸುವ ಹೊತ್ತಿಗೆ ಅದಕ್ಕೆ ಏಳು ಬಾಗಿಲ ಗೂಡಿನ ಕನಸು ಬಿತ್ತು. ಒಂದೊಂದು ಎಳೆಯೂ ಕಣ್ಣಿಗೆ ಕಟ್ಟಿದಂತಿತ್ತು. ಹಸಿ ಹುಲ್ಲು ತರುವುದನ್ನು ಬಿಟ್ಟು ಅದು ಕನಸುಗಳಿಗೆ ಅರ್ಥ ಹೇಳುವ ಗೂಬೆಯೊಂದರ ಬಳಿಗೆ ಹೋಗಿ ಕೇಳಿತು.

"ನಿನಗೆ ದೊಡ್ಡ ಮನೆಯ ಯೋಗವಿದೆ. ಇದು ಮೊದಲ ಬಾಗಿಲಿನ ಅರ್ಥ. ಉಳಿದದ್ದಕ್ಕೆ ದಿನಾ ಬಾ," ಎಂದಿತು ಗೂಬೆ.

ಗೀಜಗ ದಿನಾ ಹೋಯಿತು. ಏಳನೆಯ ದಿನ ಹೆಣ್ಣು ಗೀಜಗ ಬಂದು ಗೂಡಿನ ಎಳೆಯೊಂದನ್ನು ಎಳೆಯಿತು. ಒಣಗಿದ ಹುಲ್ಲು ಕೊಕ್ಕಿಗೇ ಬಂತು.

"ಇದೇನಪ್ಪಾ, ಇಷ್ಟು ಸಡಿಲ?"

"ಇದನ್ನು ಬಿಡು. ನಾನು ಕನಸಿನಲ್ಲಿ ಕಂಡ ಗೂಡಿಗೆ ಏಳು ಬಾಗಿಲು!"

"ಹಾಗಾದರೆ ಕನಸಿನಲ್ಲೇ ಮೊಟ್ಟೆ ಇಡುವವಳನ್ನು ಹುಡುಕಿಕೋ, ಮಹರಾಯ. ನನಗೆ ಬಾಗಿಲು ಒಂದೇ ಸಾಕು, ತಳ ಗಟ್ಟಿಯಿರಬೇಕು," ಎಂದು ಅದು ಪಕ್ಕದ ಕೊಂಬೆಯ ಗೂಡಿಗೆ ಹಾರಿತು.

ಗೀಜಗ ಒಂದೇ ಉಸಿರಿಗೆ ಗೂಬೆಯ ಬಳಿಗೆ ಹೋಯಿತು.

"ಬಂದವಳು ಪಕ್ಕದವನ ಗೂಡು ಒಪ್ಪಿಬಿಟ್ಟಳು! ಇದರ ಅರ್ಥವೇನು?"

"ಕನಸಿನಲ್ಲೋ, ಎಚ್ಚರದಲ್ಲೋ?"

"ಎಚ್ಚರದಲ್ಲೇ!"

"ಹಾಗಾದರೆ ನನಗೆ ತಿಳಿಯದಪ್ಪ," ಎಂದು ಗೂಬೆ ಕಣ್ಣು ಮುಚ್ಚಿಕೊಂಡಿತು.